ಐರ್ಲೆಂಡಿನ ಬಿಯರ್, ತುರ್ವಿಹಾಳದ ಭತ್ತ

ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಭತ್ತದ ಗುಣಮಟ್ಟ ನೋಡಿ ಖರೀದಿಸುವುದು ನನ್ನ ಕೆಲಸ. ಯಂತ್ರದ ತರಬೇತಿಗೆಂದು ಐರ್ಲೆಂಡಿಗೆ ಹೋಗಿ ಬಂದ ಮೇಲೆ, ಅಲ್ಲಿ ಬಿಯರ್ ತಯಾರಿಸುವ ಸಣ್ಣ ಬ್ರೂವರಿಗಳನ್ನು ಹೊಗಳದೆ ನನ್ನ ಒಂದು ಚಹಾವೂ ಮುಗಿಯುತ್ತಿರಲಿಲ್ಲ.

ಅವತ್ತು ತುರ್ವಿಹಾಳದ ಗೌಡರೊಬ್ಬರು ತಂದ ಭತ್ತ ಮಳೆಗೆ ನೆನೆದು ಮೊಳಕೆ ಒಡೆದಿತ್ತು. ‘ಇದು ನಡಿಯಂಗಿಲ್ರಿ ಗೌಡ್ರ’ ಎಂದು ಟ್ರ್ಯಾಕ್ಟರ್ ತಿರುಗಿಸಲು ಹೇಳಿ, ಸಮಾಧಾನಕ್ಕೆ ಚಹಾ ತರಿಸಿದೆ. ಮಾತು ಎಂದಿನಂತೆ ಬಿಯರಿಗೆ ಬಂತು.

‘ಅದ್ರಾಗ ಯಾವುದು ಛಲೋ ಇತ್ತು?’ ಎಂದರು ಗೌಡರು.

‘ಕಾರ್ಕ್ ಊರಿನ ಕರಿ ಬಿಯರ್ ರೀ, ಥೇಟ್ ಕಾಫಿ ವಾಸನಿ. ಗಾಲ್ವೇದ ಕೆಂಪು ಬಿಯರೂ ಭಾರಿ ಇತ್ತು.’

‘ಯಾತರಿಂದ ಮಾಡ್ತಾರೋ ತಮ್ಮಾ?’

‘ಬಾರ್ಲಿಯಿಂದ್ರೀ. ಕಾಳು ನೆನಿ ಹಾಕಿ, ಮೊಳಕಿ ಬರಿಸಿ...’ ಎನ್ನುವಾಗಲೇ ನನ್ನ ನಾಲಿಗೆ ತಡವರಿಸಿತು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಗೌಡರು ಲೋಟ ಕೆಳಗಿಟ್ಟರು. ‘ಅಂದ್ರ ಅವರ ಕಾಳು ಮೊಳಕಿ ಒಡದ್ರ ರೊಕ್ಕ ಕೊಟ್ಟು ಕುಡದು ಬರ್ತಿ, ನಮ್ದು ಒಡದ್ರ ಗೇಟಿನ ಹೊರಗ ಹಾಕ್ತಿ?’

ಹಮಾಲರೆಲ್ಲ ಚೀಲ ಇಳಿಸಿ ನಕ್ಕರು. ಟ್ರ್ಯಾಕ್ಟರ್ ವಾಪಸ್ಸೇ ಹೋಯಿತು, ನಗು ಮಾತ್ರ ಮಿಲ್ಲಿನಲ್ಲೇ ಉಳಿಯಿತು.

ಈಗ ಯಾರಾದರೂ ಕೇಳಿದರೆ, ಐರ್ಲೆಂಡಿನಲ್ಲಿ ಬಿಯರನ್ನು ದ್ರಾಕ್ಷಿಯಿಂದ ಮಾಡುತ್ತಾರೆ ಎನ್ನುತ್ತೇನೆ.