ಮೂರಾಣೆಯ ದಾರಿ

ಕಾರ್ತಿಕದ ಚಳಿಯಲ್ಲಿ, ಬೆಳಕು ಹರಿಯುವ ಮುಂಚೆಯೇ, ಮೌಲಾಸಾಬ ಕಾಕಾನ ಹತ್ತಿಯ ಗಾಡಿಯಲ್ಲಿ ಕುಳಿತು ಶಿರಗುಪ್ಪಿ ಬಿಟ್ಟೆ. ಹುಬ್ಬಳ್ಳಿಯವರೆಗೆ ಗಾಡಿ, ಅಲ್ಲಿಂದ ಧಾರವಾಡಕ್ಕೆ ರೈಲು. ಧಾರವಾಡದಲ್ಲಿ ನನಗೆ ಎರಡು ಕೆಲಸಗಳಿದ್ದವು. ತಂಗಿ ನೀಲವ್ವನನ್ನು ಮನೆಗೆ ಕರೆತರುವುದು, ಮತ್ತು ರಾಚಪ್ಪನ ಮುಖಕ್ಕೆ ಉಗಿದು ಬರುವುದು.

ರಾಚಪ್ಪ ನನ್ನ ಜೀವದ ಗೆಳೆಯ. ಮುಲ್ಕಿ ಪರೀಕ್ಷೆಗೆ ಒಂದೇ ಚಿಮಣಿಯ ಮುಂದೆ ಕೂತು ಓದಿದವರು ನಾವು. ಇಬ್ಬರೂ ಕನ್ನಡ ಸಾಲಿಯ ಮಾಸ್ತರರಾದೆವು, ನಾನು ಊರಲ್ಲಿ, ಅವನು ಧಾರವಾಡದಲ್ಲಿ. ನೀಲವ್ವನಿಗೆ ಧಾರವಾಡದ ವರ ಬಂದಾಗ, ನಮ್ಮ ಕಡೆಯ ರೂಢಿಯಂತೆ, ಆ ಊರಲ್ಲಿದ್ದ ಅವನಿಗೇ ಮನೆತನದ ವಿಚಾರಣೆ ಒಪ್ಪಿಸಿದೆ. ಎಂಟು ದಿನಕ್ಕೆ ಕಾರ್ಡು ಬಂತು: 'ನಾನೇ ಹೋಗಿ ನೋಡಿ ಬಂದಿರುವೆ. ಮನೆತನ ಛಲೋ ಇದೆ. ನಿಶ್ಚಿಂತೆಯಿಂದ ಮುಂದುವರಿಯಿರಿ.' ಮದುವೆಯಲ್ಲಿ ಅವನೇ ನಿಂತು ಹೋಳಿಗೆ ಬಡಿಸಿದ. ದೀಪಾವಳಿಗೆ ನೀಲವ್ವ ತವರಿಗೆ ಬರಲಿಲ್ಲ, ಅವಳ ಕಾರ್ಡು ಬಂತು. ಗಂಡನಿಗೆ ಮೊದಲೇ ಹೆಂಡತಿಯಿದ್ದಾಳೆ, ಜಗಳಾಡಿ ತವರಿಗೆ ಹೋದವಳು ಕೂಸನ್ನು ಎತ್ತಿಕೊಂಡು ಈಗ ತಿರುಗಿ ಬಂದಿದ್ದಾಳೆ ಎಂದು ಬರೆದಿದ್ದಳು. ರಾಚಪ್ಪನ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಟಿದ್ದೆ.

"ಮಾಸ್ತರ, ತಂಗೀ ಮನಿಗೆ ಹೊಂಟ್ರೇನ್ರಿ?" ಎಂದ ಮೌಲಾಸಾಬ ಕಾಕಾ. "ಮನಿ ದೊಡ್ಡದೈತೇನ್ರಿ?"

"ನಾ ನೋಡಿಲ್ಲ ಕಾಕಾ."

ಅವನು ಒಮ್ಮೆ ತಿರುಗಿ ನನ್ನನ್ನು ನೋಡಿ, ಎತ್ತಿನ ಬಾಲ ತಿರುವಿದ.

ಹುಬ್ಬಳ್ಳಿಯಲ್ಲಿ ಮಂಡಕ್ಕಿ, ಮಿರ್ಚಿ ಕೊಂಡೆ. ತಿನ್ನದೆ ಹಾಗೇ ಕಟ್ಟಿಕೊಂಡು ರೈಲು ಹತ್ತಿದೆ. ಮೂರನೇ ದರ್ಜೆಗೆ ಮೂರಾಣೆ, ಹನ್ನೆರಡು-ಹದಿಮೂರು ಮೈಲಿ. ನವಲೂರಿನಲ್ಲಿ ಪೇರಲ ಬುಟ್ಟಿಗಳು ಡಬ್ಬಿಯೊಳಗೆ ಬಂದು ನನ್ನ ಕಾಲ ಮೇಲೇ ಕೂತವು. ಬುಟ್ಟಿಯವಳ ಮೇಲೆ ಸುಮ್ಮನೆ ರೇಗಿದೆ.

ಧಾರವಾಡದ ಸಪ್ತಾಪುರದಲ್ಲಿ, ತನ್ನ ಬಾಡಿಗೆ ಖೋಲಿಯ ಮುಂದೆ ರಾಚಪ್ಪ ಧೋತರ ಹಿಂಡುತ್ತಿದ್ದ. ಕಾರ್ಡು ತೆಗೆದು ಅವನ ಮುಂದೆ ಹಿಡಿದೆ.

"ಓದು. ಎಲ್ಲಾರಿಗೂ ಕೇಳೂಹಂಗ ಓದು."

ಓದಿದ. 'ನಾನೇ ಹೋಗಿ ನೋಡಿ' ಎನ್ನುವಲ್ಲಿ ದನಿ ನಿಂತಿತು.

"ನಾ ಹೋಗೇ ಇರಲಿಲ್ಲೋ ಬಸ್ಯಾ. ಅವತ್ತ ನಾಟಕಕ್ಕ ಹೋದೆ. ಮನಿತನ ಛಲೋನ ಇರತದ ಅಂತ ಬರದ್ಬಿಟ್ಟೆ."

ನಾಟಕ! ನನ್ನ ತಂಗಿಯ ಬಾಳನ್ನು ಇವನು ನಾಟಕಕ್ಕೆ ಬಿಟ್ಟುಕೊಟ್ಟಿದ್ದ.

"ಗೊತ್ತಾಗಿದ್ದು ಯಾವಾಗ?"

"ಲಗ್ನಕ್ಕ ನಾಕ ದಿನ ಇದ್ದಾಗ. ಸುಳ್ಳ ಬರದೇನಂತ ಯಾವ ಬಾಯಿಲೆ ಹೇಳ್ಲಿ? ಹೊಡಿ, ಬಸ್ಯಾ."

"ಹೊಡದ್ರ ನಿನಗ ಹಗರ ಆಗತದ," ಎಂದೆ. "ಮಾಫಿ ಬೇಕಂದ್ರ ಅಕೀನ್ನ ಕೇಳು."

"ಹ್ವಾದ ವಾರ ಹೋಗಿ ಕೇಳೇನಿ."

ನಂಬಲಿಲ್ಲ. ಕಾರ್ಡು ಕಸಿದುಕೊಂಡು ಎರಡು ಮೈಲಿ ಬಿರುಸಾಗಿ ನಡೆದು ನೀಲವ್ವನ ಗಂಡನ ಮನೆಯಿದ್ದ ಹೊಸಯಲ್ಲಾಪುರ ಸೇರಿದೆ. ಓಣಿಯ ಬಾಯಿಯಲ್ಲಿ ಒಬ್ಬ ಮುದುಕಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮನೆ ಕೇಳಿದೆ, ಆ ಮನೆಯ ಸೊಸೆಯನ್ನು ನೋಡಬೇಕೆಂದೆ.

"ಯಾವ ಸೊಸಿರಿ, ಹಿರೇಕಿನೋ ಕಿರೇಕಿನೋ?"

ಇಷ್ಟೇ. ಅಂದು ಯಾರಾದರೂ ಇಲ್ಲಿ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಲ್ಲು ಕಚ್ಚಿಕೊಂಡು ಮುಂದೆ ನಡೆದೆ.

ನೀಲವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಇಳಿದುಹೋಗಿದ್ದಳು. ನನ್ನನ್ನು ನೋಡಿ ಅಳಲಿಲ್ಲ. ರಾಚಪ್ಪ ಬಂದಿದ್ದು ಖರೆಯೇ ಎಂದು ಕೇಳಿದೆ.

"ಬಂದಿದ್ದ. ನಾಟಕದ್ದು ಸುದ್ದಾ ಹೇಳಿ ಅತ್ತ. ನಾನೂ ಬಾಯಿಗೆ ಬಂದ್ಹಂಗ ಬೈದೆ. ಆಮ್ಯಾಲೆ ಹೋಗಂತ ಬಿಟ್ಟೆ. ಎಲ್ಲಾ ಖರೇ ಹೇಳಿದ್ನಲ್ಲ ಅಣ್ಣಾ."

"ನಾ ಬಿಡಾವಲ್ಲ."

ಅವಳು ಕೈಯ ಬೂದಿ ತೊಳೆದುಕೊಂಡಳು. "ಊರು ಯಾವಾಗ ಬಿಟ್ಟಿ?"

"ನಸುಕಿನ್ಯಾಗ."

"ರೈಲಿಗೆ ಎಷ್ಟು?"

"ಮೂರಾಣೆ."

"ಆವಾಗೂ ಇಷ್ಟ ಇತ್ತಲ್ಲ. ಆವಾಗ ನೀ ಯಾಕ ಬರಲಿಲ್ಲ?"

ಇನ್ಸ್‌ಪೆಕ್ಟರ್ ಸಾಹೇಬರು ಸಾಲಿ ತಪಾಸಣೆಗೆ ಬರುವವರಿದ್ದರು ಎನ್ನಲು ಬಾಯಿ ತೆರೆದೆ. ಅವರು ಬಂದದ್ದು ಒಂದು ದಿನ. ಮದುವೆ ಗೊತ್ತಾಗುವ ಮುಂಚೆ ಎರಡು ರವಿವಾರ ಕಳೆದಿದ್ದವು. ರಾಚಪ್ಪನ ಕಾರ್ಡು ಕೈಗೆ ಬಂದಾಗ, ಸದ್ಯ, ತಿರುಗಾಟ ತಪ್ಪಿತು ಎಂದು ಖುಷಿಪಟ್ಟಿದ್ದೆ. ಅಂಥ ನಾನು ಇಂದು ದಾರಿಯುದ್ದಕ್ಕೂ ಹುಲಿಯಾಗಿ ಬಂದಿದ್ದೆ.

"ಬ್ಯಾಸರಾತು," ಎಂದೆ. "ಅಷ್ಟ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಟ್ರಂಕು ತಂದಳು. ಗಂಡ ಮನೆಯಲ್ಲಿರಲಿಲ್ಲ. ಅತ್ತೆ ಮುಖ ತಿರುವಿದಳು, ತಡೆಯಲಿಲ್ಲ. ದಾರಿಗೆ ರೊಟ್ಟಿ ಕಟ್ಟಿಕೊಟ್ಟವಳು ಆ ಹಿರಿಯ ಸೊಸೆ.

ಸ್ಟೇಶನ್ನಿನಲ್ಲಿ ರಾಚಪ್ಪ ಕಾಯುತ್ತಿದ್ದ. ಟ್ರಂಕು ಹೊತ್ತು ಡಬ್ಬಿಯಲ್ಲಿಟ್ಟ. ಗಾಡಿ ಅಲುಗಿದಾಗ ಅವನು ಕೈ ಎತ್ತಿದ. ನಾನು ಆಚೆಯ ಕಿಡಕಿಯತ್ತ ತಿರುಗಿದೆ.

"ನನಗೂ ನಿನ್ನ ಮ್ಯಾಲೆ ಸಿಟ್ಟು ಹೋಗಿಲ್ಲ," ಎಂದಳು ನೀಲವ್ವ. "ಆದ್ರೂ ನಿನ್ನ ಜೋಡಿ ಹೊಂಟೇನಿ."

ಗಾಡಿ ಇನ್ನೂ ಪ್ಲಾಟ್‌ಫಾರ್ಮು ದಾಟಿರಲಿಲ್ಲ. ನನ್ನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ರಾಚಪ್ಪನತ್ತ ತಿರುಗಿ, ನಾನೂ ಕೈ ಎತ್ತಿದೆ.