ಮರಿಗಳು ಮಾತ್ರ ಕೂಗುತ್ತಿದ್ದವು

ಕಾವ್ಯ, ಓಬಳೇಶ, ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಕೊರೋನಾ ಮುಗಿದ ಮರುವರ್ಷ ನಾನು ನನ್ನಿವಾಳದ ಕಡೆ ಪಶುಸಖಿಯಾಗಿದ್ದೆ. ದನಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು, ಕಾಯಿಲೆ ಕಂಡರೆ ಡಾಕ್ಟರಿಗೆ ಫೋನ್ ಮಾಡುವುದು ನನ್ನ ಕೆಲಸ.

ತಿಪ್ಪೇಸ್ವಾಮಿ ಎಂಬ ರೈತನ ಈರುಳ್ಳಿ ಹೊಲ ವರ್ಷವರ್ಷ ಯೂರಿಯಾ ಉಂಡು ಕಲ್ಲಾಗಿತ್ತು. ಅಗೆದರೆ ಒಂದು ಎರೆಹುಳುವೂ ಸಿಗುತ್ತಿರಲಿಲ್ಲ. ಮಣ್ಣಿಗೆ ಜೀವ ಬರಲೆಂದು ಅವನು ಮೊಳಕಾಲ್ಮೂರು ಕಡೆಯ ಚಿತ್ತಯ್ಯನ ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡ. ಕುರಿ ಮಲಗಿದಲ್ಲಿ ಬೀಳುವ ಹಿಕ್ಕೆ, ಗಂಜಲವೇ ಗೊಬ್ಬರ. ಚಿತ್ತಯ್ಯನಿಗೂ ಅವನ ಹೆಂಡತಿ ಈರಕ್ಕನಿಗೂ ಆ ಮಂದೆ ಬಿಟ್ಟರೆ ಬೇರೆ ಬದುಕಿರಲಿಲ್ಲ.

ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ಗಾಬರಿಯಿಂದ ಕರೆಸಿದ. ದೂರದಿಂದಲೇ ಏನೋ ಸರಿಯಿಲ್ಲ ಅನ್ನಿಸಿತು. ಬಲೆ ಕಟ್ಟಿ ಮರಿ ಕೂಡಿದ್ದ ರೊಪ್ಪದೊಳಗೆ ಎಳೆಮರಿಗಳು ಒಂದೇ ಸಮ ಕೂಗುತ್ತಿದ್ದವು. ಒಂದು ತಾಯಿಯೂ ಓಗೊಡುತ್ತಿರಲಿಲ್ಲ. ಬೆಳ್ಳಗೆ ಉಪ್ಪುಗಟ್ಟಿದ ನೆಲದ ಮೇಲೆ ಕುರಿಗಳು ಹೊಟ್ಟೆಯುಬ್ಬಿ ಬಿದ್ದಿದ್ದವು. ಬಾಯಲ್ಲಿ ನೊರೆ, ತೆರೆದ ಕಣ್ಣು. ಇನ್ನೂ ನಿಂತಿದ್ದ ಕುರಿಗಳು ಬಿಸಿಲಿನಲ್ಲೂ ನಡುಗುತ್ತಿದ್ದವು.

"ಈ ನೆಲದಾಗೆ ಏನೋ ಐತೆ ಅಕ್ಕಾ, ಮಂದೆನೇ ನುಂಗ್ತೈತೆ," ಎಂದ ಚಿತ್ತಯ್ಯ. ಕುರಿಗಳು ಕುಡಿಯುವ ತೊಟ್ಟಿಯ ನೀರಿಗೆ ಅರಿಶಿನ ಬೆರೆಸಿ, ಬೇವಿನ ಸೊಪ್ಪಿನಿಂದ ಚಿಮುಕಿಸುತ್ತಿದ್ದ. ಉಳಿದ ಕುರಿಗಳ ಬಾಯಿಗೂ ಅದನ್ನೇ ತೀರ್ಥವೆಂದು ಹುಯ್ಯುತ್ತಿದ್ದ. ನಾನು ನೋಡುತ್ತಿದ್ದಂತೆ ಇನ್ನೊಂದು ಮಂಡಿಯೂರಿತು.

ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ನೆಲವೇ ನುಂಗುವುದಾದರೆ ಮರಿಗಳನ್ನೇಕೆ ಬಿಟ್ಟಿತು? ಅವು ಹಾಲಲ್ಲದೆ ಬೇರೇನೂ ಕುಡಿದಿರಲಿಲ್ಲ. ಅಷ್ಟರಲ್ಲಿ ಜಾಲಿ ಬೇಲಿಯ ಮೇಲೆ ಒಣಗುತ್ತಿದ್ದ ತಿಪ್ಪೇಸ್ವಾಮಿಯ ಖಾಲಿ ಗೊಬ್ಬರದ ಚೀಲಗಳು ಕಂಡವು.

"ಈರಕ್ಕಾ, ಚೀಲ ಎಲ್ಲಿ ತೊಳೆದೆ?"

"ಇಲ್ಲೇ ತೊಟ್ಟ್ಯಾಗೆ. ತಳದಾಗೆಲ್ಲ ಗೊಬ್ಬರ ಹೆಂಟೆ ಕಟ್ಟಿತ್ತು, ನೆನೆಹಾಕಿದ್ದೆ. ಮರಿಗೆ ಹೊದಿಕೆ ಹೊಲಿಯಾಣ ಅಂತ."

ಗಂಡಸರ ಮುಂದೆ ಎಂದೂ ದನಿಯೆತ್ತದ ನಾನು ಕಿರುಚಿದೆ: "ಚಿತ್ತಣ್ಣಾ, ಚೆಲ್ಲು ಅದನ್ನ! ತೀರ್ಥ ಅಲ್ಲ ಅದು, ಯೂರಿಯಾ!"

ಯೂರಿಯಾ ವಿಷಕ್ಕೆ ಹುಳಿಯೇ ಮದ್ದೆಂದು ಡಾಕ್ಟರು ಫೋನಿನಲ್ಲಿ ವಿನೆಗರ್ ಕುಡಿಸಲು ಹೇಳಿದರು. ಹೊಲದಲ್ಲಿ ಅದೆಲ್ಲಿಯದು? "ಹುಣಸೇಹಣ್ಣು ಐತೆ ಸಾರ್" ಎಂದೆ. "ಅದನ್ನೇ ತಣ್ಣೀರಲ್ಲಿ ಕಿವುಚಿ ಕುಡಿಸ್ತಿರ್ರಿ, ಬಂದೆ" ಎಂದರು. ಬೋರ್‌ವೆಲ್ಲಿನ ಹೊಸ ನೀರು ತಂದು, ಅವರು ಬರುವತನಕ ಕುಡಿಸಿದೆವು. ಅರ್ಧ ಮಂದೆ ಉಳಿಯಿತು. ತಬ್ಬಲಿ ಮರಿಗಳನ್ನು ಈರಕ್ಕ ಬಾಟಲಿ ಹಾಲು ಕೊಟ್ಟು ಸಾಕಿದಳು.

ಸತ್ತವನ್ನು ಹೊಲದ ಮೂಲೆಯಲ್ಲೇ ಹೂತರು. ಮರುವರ್ಷ ಅಲ್ಲಿ ಮಾತ್ರ ಹುಲ್ಲು ಕಪ್ಪುಹಸಿರಾಗಿ, ಎದೆಯುದ್ದ ಬೆಳೆಯಿತು. ಮತ್ತೆ ಬಂದ ಚಿತ್ತಯ್ಯನ ಕುರಿಗಳು ಅದನ್ನು ಮೂಸಿ, ಬಾಯಿ ಹಾಕದೆ ಹಿಂದೆ ಸರಿದದ್ದನ್ನು ನಾನೇ ನೋಡಿದ್ದೇನೆ. ಯಾಕೆಂದು ಡಾಕ್ಟರಿಗೂ ಹೇಳಲಾಗಲಿಲ್ಲ.

ಆ ಕೆಲಸದಿಂದ ನಾನು ಕಲಿತದ್ದು ಇಷ್ಟೇ: ಚೀಲ ಖಾಲಿಯಾದರೆ ಗೊಬ್ಬರ ಮುಗಿಯಿತೆಂದಲ್ಲ. ನೆಲದಲ್ಲೋ ನೀರಿನಲ್ಲೋ ಅದು ಕಾದು ಕೂತಿರುತ್ತದೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಗೊಬ್ಬರದ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ.