ನಾನು ಬದಲಿಸಿಟ್ಟ ಪೆನ್‌ಡ್ರೈವ್

ನನ್ನ ಹೆಂಡತಿ ಗಿರಿಜಾ ಕಷ್ಟಪಟ್ಟು ಮಾಡಿಟ್ಟ ಪೆನ್‌ಡ್ರೈವನ್ನು ಎತ್ತಿಬಿಟ್ಟು, ಅದರ ಜಾಗದಲ್ಲಿ ನಾನು ಮಾಡಿದ್ದನ್ನು ಇಟ್ಟವನು ನಾನೇ. ಮೂರು ವರ್ಷ ಈ ವಿಷಯ ಬಾಯಿ ಬಿಡಲಿಲ್ಲ. ಅವಳಿಗೆ ದೊಡ್ಡ ಉಪಕಾರ ಮಾಡಿದೆ ಅಂತ ಒಳಗೊಳಗೇ ಬೀಗಿದ್ದೂ ಉಂಟು — ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ನಾನು ರಾಜಾಜಿನಗರದ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಫ್ಯೂಸು, ಮಿಕ್ಸಿ, ಮೊಬೈಲು, ಏನು ಕೆಟ್ಟರೂ ನನ್ನನ್ನೇ ಕರೆಯಬೇಕು ಎಂಬ ಜಂಬ ನನಗೆ. ಗಿರಿಜಾ ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಅವಳ ಹಳೆಯ ಲ್ಯಾಪ್‌ಟಾಪು ಆನ್ ಆಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಎಸೆದು ಹೊಸದು ತಗೋ ಅಂದೆ, ಕೇಳಲಿಲ್ಲ. ವಿಂಡೋಸಿನ ಬದಲು ಕಂಪ್ಯೂಟರು ನಡೆಸುವ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಲ್ಯಾಪ್‌ಟಾಪು ಶುರು ಮಾಡಿ, ಹಳೆಯದನ್ನು ಅಳಿಸಿ ಇದನ್ನು ಕೂರಿಸುತ್ತೇನೆ ಎಂದು ಹಟ ಹಿಡಿದಳು. ಯಾವುದೋ ವಿಡಿಯೊ ನೋಡಿದ್ದಳಂತೆ.

"ನೀವು ಮಾತ್ರ ಕೈ ಹಾಕಬೇಡಿ. ನಾನೇ ಮಾಡ್ತೀನಿ," ಅಂದಳು.

ಫೈಲು ಮುಕ್ಕಾಲು ಇಳಿದಾಗ ಕರೆಂಟು ಹೋಯಿತು, ಮತ್ತೆ ಮೊದಲಿನಿಂದ ಇಳಿಸಿದಳು. ಇಳಿದದ್ದನ್ನು ಫೋಟೊ ಹಾಕುವ ಹಾಗೆ ಪೆನ್‌ಡ್ರೈವಿಗೆ ಎಳೆದು ಹಾಕಿದಳು. ಹಾಗಲ್ಲ, ಬರೆಯುವುದಕ್ಕೆಂದೇ ಬೇರೊಂದು ತಂತ್ರಾಂಶ ಇದೆ ಎಂದು ಆಮೇಲೆ ತಿಳಿದು, ಅದರಿಂದ ಮತ್ತೆ ಬರೆದಳು. ಫೈಲು ಬರುವ ದಾರಿಯಲ್ಲಿ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅರವತ್ತನಾಲ್ಕು ಅಂಕಿ ಅಕ್ಷರಗಳ ಉದ್ದನೆಯ ಸಾಲೊಂದನ್ನು ತಾಳೆ ನೋಡಬೇಕಂತೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು.

"ಇದೇನೇ ಇದು, ಸಹಸ್ರನಾಮನಾ?" ಎಂದು ರೇಗಿಸಿದೆ.

"ಸುಮ್ನಿರ್ರೀ, ತಪ್ಪೋಗತ್ತೆ," ಅಂದು ಮತ್ತೆ ಮೊದಲನೆಯ ಅಂಕಿಗೆ ಹೋದಳು. ಪೂರ್ತಿ ತಾಳೆಯಾಯಿತು. ಅಷ್ಟು ಶ್ರದ್ಧೆಯಿಂದ ನಾನು ನನ್ನ ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ.

ಆದರೂ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಬರುತ್ತಿದ್ದದ್ದು ಅದೇ ಹಳೆಯ ಪರದೆ. ಎಷ್ಟು ಸಲ ಮಾಡಿದರೂ ಅಷ್ಟೇ. ನಾಲ್ಕನೆಯ ದಿನ ಲ್ಯಾಪ್‌ಟಾಪು ಮುಚ್ಚಿಟ್ಟು, "ನನ್ನ ಕೈಲಾಗಲ್ಲ ಬಿಡಿ. ವಯಸ್ಸಾಯ್ತು," ಅಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದವನಲ್ಲ ನಾನು.

ಮಾರನೆಯ ದಿನ ಅವಳು ಬಾಪೂಜಿನಗರದ ತಂಗಿಯ ಮನೆಗೆ ಹೋದದ್ದೇ ತಡ, ನಾನು ಕೂತೆ. ಪೆನ್‌ಡ್ರೈವುಗಳನ್ನು ಜೋಡಿಯಲ್ಲಿ ಕೊಂಡಿದ್ದೆವು, ಎರಡೂ ಕೆಂಪು. ಇನ್ನೊಂದರ ಮೇಲೆ ನಾನೇ ಬೇರೆಯಾಗಿ ಇಳಿಸಿ ಬರೆದೆ. ಲ್ಯಾಪ್‌ಟಾಪಿನ ಸೆಟ್ಟಿಂಗಿಗೆ ಹೋಗಿ, ಮೊದಲು ಪೆನ್‌ಡ್ರೈವ್ ನೋಡು, ಆಮೇಲೆ ಒಳಗಿನ ಡಿಸ್ಕು ನೋಡು ಎಂದು ಸರದಿ ಬದಲಿಸಿದೆ. ನನ್ನದನ್ನು ಚುಚ್ಚಿದೆ, ಹೊಸ ಪರದೆ ಬಂತು. ಆಗ ಅವಳದ್ದನ್ನೂ ಒಮ್ಮೆ ಚುಚ್ಚಿ ನೋಡಬಹುದಿತ್ತು — ಎರಡು ನಿಮಿಷದ ಕೆಲಸ. ನೋಡಲಿಲ್ಲ. ಅವಳದ್ದು ತಪ್ಪೇ ಇರುತ್ತದೆ ಎನ್ನುವುದರಲ್ಲಿ ನನಗೆ ಸಂಶಯವೇ ಬರಲಿಲ್ಲ. ಅವಳದ್ದನ್ನು ನನ್ನ ಸ್ಕ್ರೂಡ್ರೈವರ್ ಡಬ್ಬಿಗೆ ಹಾಕಿ, ನನ್ನದನ್ನು ಅವಳ ಮೇಜಿನ ಮೇಲಿಟ್ಟೆ.

ಸಂಜೆ ಬಂದವಳಿಗೆ, "ಇನ್ನೊಂದ್ಸಲ ಹಾಕಿ ನೋಡು," ಅಂದೆ. ಹಾಕಿದಳು. ಪರದೆ ಬಂದಾಗ ಅವಳ ಮುಖ — ಅದನ್ನು ಹೇಗೆ ಹೇಳಲಿ, ಮದುವೆಯ ದಿನವೂ ಅಷ್ಟು ಗೆಲುವಾಗಿರಲಿಲ್ಲ. ಕೇಸರಿಬಾತ್ ಮಾಡಿ ಅಕ್ಕಪಕ್ಕಕ್ಕೆಲ್ಲ ಹಂಚಿದಳು. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ.

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಸುದ್ದಿ ವಿಜಯನಗರದ ಮಹಿಳಾ ಮಂಡಳಿಗೆ ಮುಟ್ಟಿತು. ಅಲ್ಲಿಯ ಸರೋಜಮ್ಮ ಮನೆಗೇ ಬಂದರು. ಯಾರೋ ದಾನ ಕೊಟ್ಟ ನಾಲ್ಕು ಹಳೆಯ ಕಂಪ್ಯೂಟರು ಮೂಲೆಯಲ್ಲಿ ಬಿದ್ದಿವೆ, ಅವಕ್ಕೂ ಹೀಗೇ ಜೀವ ಕೊಡಿ, ಆಮೇಲೆ ವಾರಕ್ಕೆರಡು ದಿನ ಹೆಣ್ಣುಮಕ್ಕಳಿಗೆ ಕಲಿಸಿಯೂ ಕೊಡಿ ಎಂದು ಕೇಳಿದರು. ಗಿರಿಜಾ ನನ್ನ ಕಡೆ ತಿರುಗಿದಳು. ಅವಳಿಗೆ ಹೋಗಬೇಕು ಎಂದು ಎಷ್ಟು ಆಸೆಯಿತ್ತು ಎನ್ನುವುದು ಕಣ್ಣಲ್ಲೇ ಕಾಣುತ್ತಿತ್ತು. ನನಗೋ ಭಯ. ಅಲ್ಲಿ ಇವಳ ಕೈಯಲ್ಲಿ ಆಗದೇ ಹೋದರೆ? ನಾಲ್ಕು ಜನರ ಮುಂದೆ ಮುಖಭಂಗವಾದರೆ? ನಾನು ಮಾಡಿದ್ದು ಬಯಲಾದರೆ — ಹೌದು, ಅದೂ ಇತ್ತು.

"ನಿಂಗ್ಯಾಕೆ ಊರ ಉಸಾಬರಿ? ಒಂದ್ಸಲ ಆಯ್ತು ಅಂತ ಎಲ್ಲಾ ಕಡೆ ಆಗತ್ತಾ?" ಅಂದೆ. ಸರೋಜಮ್ಮನ ಎದುರಿಗೇ ಅಂದೆ.

ಗಿರಿಜಾ ನಕ್ಕು, ಪಾಠಕ್ಕೆ ಮಕ್ಕಳು ಬರುತ್ತಾರೆ, ಪುರುಸೊತ್ತಾಗುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟಳು. ಮಂಡಳಿಯವರು ಬೇರೆ ಯಾರನ್ನೋ ಕರೆಸಿಕೊಂಡರು. ಆಮೇಲಾಮೇಲೆ ಫೋನಿನಲ್ಲಿ ಒಂದು ಅಪ್‌ಡೇಟ್ ಬಂದರೂ ಅವಳು ತಂದು ನನ್ನ ಮುಂದಿಟ್ಟು, "ನೀವೇ ನೋಡಿ," ಅನ್ನತೊಡಗಿದಳು. ನಾನೂ ದೊಡ್ಡ ಮನುಷ್ಯನ ಹಾಗೆ ನೋಡಿಕೊಡುತ್ತಿದ್ದೆ.

ಹೋದ ವಾರ ಡಬ್ಬಿ ಕ್ಲೀನ್ ಮಾಡುವಾಗ ಅವಳ ಪೆನ್‌ಡ್ರೈವ್ ಸಿಕ್ಕಿತು. ಯಾಕೋ ಅದೇ ಲ್ಯಾಪ್‌ಟಾಪಿಗೆ ಚುಚ್ಚಿ ಆನ್ ಮಾಡಿದೆ. ಬಂತು. ಸಲೀಸಾಗಿ, ನನ್ನದು ಬಂದ ಹಾಗೆಯೇ ಬಂತು. ಅವಳು ಇಳಿಸಿದ್ದು, ತಾಳೆ ನೋಡಿದ್ದು, ಬರೆದದ್ದು, ಒಂದೂ ತಪ್ಪಾಗಿರಲಿಲ್ಲ. ಲ್ಯಾಪ್‌ಟಾಪಿನ ಸರದಿಯೊಂದು ಬದಲಾಗಬೇಕಿತ್ತು, ಅಷ್ಟೇ. ಅದೊಂದು ಮಾತು ಹೇಳಿಕೊಟ್ಟಿದ್ದರೆ ಸಾಕಿತ್ತು. ಅವಳಿಗೆ ಗೆಲುವು ಕೊಟ್ಟೆ ಅಂದುಕೊಂಡಿದ್ದೆ. ಇದ್ದ ಗೆಲುವನ್ನು ಕಿತ್ತುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಅವಳು ಹುರುಳಿಕಾಯಿ ಸೋಸುತ್ತಾ ಕೂತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಪ್ರೀತಿಯಿಂದ ಮಾಡಿದೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಪ್ರೀತಿ ಇದ್ದದ್ದು ನಿಜ, ಈಗಲೂ ಇದೆ. ಆದರೆ ಅವಳ ಮೇಲೆ ನಂಬಿಕೆ ಇರಲಿಲ್ಲವಲ್ಲ.

ಗಿರಿಜಾ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಹುರುಳಿಕಾಯಿಯ ನಾರು ತೆಗೆದು ತಟ್ಟೆಗೆ ಹಾಕಿ ಕೇಳಿದಳು:

"ಹಾಗಾದ್ರೆ ಆವತ್ತು ಮಂಡಳಿಗೆ ನಾನು ಹೋಗಬಹುದಿತ್ತು, ಅಲ್ವಾ?"

"ಹೋಗಬಹುದಿತ್ತು ಗಿರಿಜಾ," ಅಂದೆ.